ಆಲ್ಬಿನಸ್‌ನ ಬೆಳ್ಳಿ ನಾಣ್ಯ: ರೋಮ್‌ನದೋ ಲಿಯಾನ್‌ನದೋ ಗುರುತಿಸುವುದು ಹೇಗೆ

ರೋಮನ್ ಸೇನಾಪತಿ ಕ್ಲೋಡಿಯಸ್ ಆಲ್ಬಿನಸ್ ಹೆಸರಿನ ಬೆಳ್ಳಿ ನಾಣ್ಯ ಕೊಳ್ಳಲು ಹೊರಟವರು ಮೊದಲು ಒಂದು ವಿಷಯ ತಿಳಿದಿರಬೇಕು. ‘ಎದುರಾಳಿ ಚಕ್ರವರ್ತಿಯ ನಾಣ್ಯ’ ಅಂತ ಹರಾಜಿಗೆ ಬರುವ ಆಲ್ಬಿನಸ್ ನಾಣ್ಯಗಳಲ್ಲಿ ಹೆಚ್ಚಿನವನ್ನು ಆಲ್ಬಿನಸ್ ಅಚ್ಚು ಹಾಕಿಸಿಯೇ ಇಲ್ಲ. ಹಾಕಿಸಿದ್ದು ಅವನ ಶತ್ರು ಸೆಪ್ಟಿಮಿಯಸ್ ಸೆವೆರಸ್. ಅದೂ ಶತ್ರುವಾಗುವ ಮೊದಲು, ಇಬ್ಬರ ನಡುವೆ ಒಪ್ಪಂದ ಇದ್ದ ಕಾಲದಲ್ಲಿ, ರೋಮ್‌ನ ಟಂಕಸಾಲೆಯಲ್ಲಿ. ಆಲ್ಬಿನಸ್ ತಾನೇ ಚಕ್ರವರ್ತಿ ಅಂತ ಹೇಳಿಕೊಂಡು ಹಾಕಿಸಿದ ನಾಣ್ಯಗಳು ಬೇರೆ. ಅವು ಈಗಿನ ಫ್ರಾನ್ಸ್‌ನ ಲಿಯಾನ್‌ನಲ್ಲಿ ಅಚ್ಚಾದವು. ಸಂಖ್ಯೆಯಲ್ಲಿ ಕಡಿಮೆ, ಬೆಲೆಯಲ್ಲಿ ಜಾಸ್ತಿ.

ಇವೆರಡನ್ನು ಬೇರೆ ಮಾಡುವುದು ಕಷ್ಟವಲ್ಲ. ಎಲ್ಲಿ ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು ಅಂತ ಗೊತ್ತಿದ್ದರೆ ಸಾಕು. ನಾನು ಲಿಯಾನ್‌ನಲ್ಲೇ ಇದ್ದೇನೆ. ಹುಟ್ಟಿದ್ದು ಶಿರಸಿಯಲ್ಲಿ, ಬೆಳ್ಳಿ ಕೆಲಸದವರ ಮನೆಯಲ್ಲಿ. ಹಾಗಾಗಿ ಈ ನಾಣ್ಯಗಳ ಮೇಲೆ ನನಗೆ ಎರಡು ಕಡೆಯಿಂದಲೂ ಪ್ರೀತಿ. ನಾನು ನಾಣ್ಯ ನೋಡುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಥೆ ಇಷ್ಟು ಗೊತ್ತಿರಲಿ

ಕ್ರಿ.ಶ. 193ರ ಮಾರ್ಚ್ 28ರಂದು ರೋಮ್‌ನಲ್ಲಿ ಚಕ್ರವರ್ತಿ ಪರ್ಟಿನಾಕ್ಸ್‌ನನ್ನು ಅವನ ಕಾವಲು ಪಡೆಯವರೇ ಕೊಂದರು. ಆಮೇಲೆ ಅದೇ ಪಡೆ ಸಿಂಹಾಸನವನ್ನು ಹೆಚ್ಚು ಹಣ ಕೊಡುತ್ತೇನೆ ಅಂದ ಡಿಡಿಯಸ್ ಜೂಲಿಯಾನಸ್‌ಗೆ ಕೊಟ್ಟಿತು. ಸುದ್ದಿ ಗಡಿಗಳಿಗೆ ಮುಟ್ಟಿತು. ಡ್ಯಾನ್ಯೂಬ್ ದಂಡೆಯ ಸೈನ್ಯ ಸೆವೆರಸ್‌ನನ್ನು ಚಕ್ರವರ್ತಿ ಅಂತ ಕೂಗಿತು. ಸಿರಿಯಾದ ಸೈನ್ಯ ಪೆಸೆನಿಯಸ್ ನೈಜರ್‌ನನ್ನು ಕೂಗಿತು. ಬ್ರಿಟನ್‌ನಲ್ಲಿ ಮೂರು ಲೀಜನ್‌ಗಳ (ರೋಮನ್ ಸೈನ್ಯದ ದೊಡ್ಡ ದಳಗಳ) ಮೇಲೆ ಅಧಿಕಾರ ಇದ್ದವನು ಆಲ್ಬಿನಸ್.

ಸೆವೆರಸ್ ರೋಮ್ ಹಿಡಿದ. ಆದರೆ ನೈಜರ್‌ನ ಮೇಲೆ ಯುದ್ಧಕ್ಕೆ ಪೂರ್ವಕ್ಕೆ ಹೋಗಬೇಕಿತ್ತು. ಬೆನ್ನ ಹಿಂದೆ ಆಲ್ಬಿನಸ್ ಸುಮ್ಮನಿರಬೇಕಿತ್ತು. ಅದಕ್ಕೆ ಅವನಿಗೆ ಸೀಸರ್ ಪದವಿ ಕೊಟ್ಟ. ಆ ಕಾಲದಲ್ಲಿ ಆಗಸ್ಟಸ್ ಅಂದರೆ ಚಕ್ರವರ್ತಿ, ಸೀಸರ್ ಅಂದರೆ ಅವನ ನಂತರದವನು. 194ರಲ್ಲಿ ಇಬ್ಬರೂ ಒಟ್ಟಿಗೆ ಕಾನ್ಸಲ್ ಆದರು, ಅದು ರೋಮ್‌ನ ದೊಡ್ಡ ಅಧಿಕಾರ ಪದವಿ. ಅದೇ ವರ್ಷ ನೈಜರ್ ಸೋತು ಸತ್ತ. ಕೆಲಸ ಮುಗಿದ ಮೇಲೆ ಸೆವೆರಸ್‌ಗೆ ಆಲ್ಬಿನಸ್ ಬೇಡವಾದ. ತನ್ನ ಸ್ವಂತ ಮಗನನ್ನೇ ಮುಂದೆ ತಂದ. ಆಲ್ಬಿನಸ್ ತನ್ನನ್ನು ಆಗಸ್ಟಸ್ ಅಂತ ಕರೆದುಕೊಂಡು, ಸೈನ್ಯ ಸಮೇತ ಕಡಲು ದಾಟಿ ಗಾಲ್ ದೇಶಕ್ಕೆ, ಅಂದರೆ ಈಗಿನ ಫ್ರಾನ್ಸ್ ಕಡೆಗೆ ಬಂದ. ಲುಗ್ಡುನಮ್ ಅವನ ನೆಲೆಯಾಯಿತು. ಅದೇ ಈಗಿನ ಲಿಯಾನ್. 197ರ ಫೆಬ್ರವರಿ 19ರಂದು ಈ ಊರಿನ ಹತ್ತಿರ ಭಾರೀ ಯುದ್ಧ ನಡೆಯಿತು. ಆಲ್ಬಿನಸ್ ಸೋತ. ಅವನ ತಲೆಯನ್ನು ಸೆವೆರಸ್ ರೋಮ್‌ಗೆ ಕಳಿಸಿದ.

ಹಾಗಾಗಿ ರೋಮ್‌ನ ನಾಣ್ಯ 193ರಿಂದ 195ರ ಸುಮಾರಿನದು. ಲಿಯಾನ್‌ನ ನಾಣ್ಯ 195ರ ಕೊನೆಯಿಂದ 197ರ ಆರಂಭದವರೆಗಿನದು. ಎರಡರಲ್ಲೂ ಇರುವುದು ಒಬ್ಬನದೇ ಮುಖ.

ಮೊದಲು ತೂಕ

ನಮ್ಮಪ್ಪ ಬೆಳ್ಳಿ ವಸ್ತು ಕೈಗೆ ಬಂದರೆ ಅದರ ಅಂದಚೆಂದ ನೋಡುವ ಮೊದಲು ತೂಗುತ್ತಾರೆ. ಇಲ್ಲಿಯೂ ಅದೇ ಸರಿ. ಡೆನಾರಿಯಸ್ ಅನ್ನುವುದು ರೋಮನ್ನರ ದಿನಬಳಕೆಯ ಬೆಳ್ಳಿ ನಾಣ್ಯ. ಆಲ್ಬಿನಸ್ ಕಾಲದ್ದು ಸಾಮಾನ್ಯವಾಗಿ 3 ಗ್ರಾಂ ಆಸುಪಾಸು ತೂಗುತ್ತದೆ. ಸವೆದದ್ದು 2.5 ಗ್ರಾಂಗೂ ಇಳಿಯಬಹುದು, ಒಳ್ಳೆಯದು 3.5 ಗ್ರಾಂ ಮುಟ್ಟಬಹುದು. ಅಗಲ 17ರಿಂದ 18 ಮಿಲಿಮೀಟರ್. ಪೂರ್ತಿ ದುಂಡಗೆ ಇರುವುದಿಲ್ಲ. ಬಿಲ್ಲೆಯನ್ನು ಬಿಸಿ ಮಾಡಿ, ಎರಡು ಅಚ್ಚಿನ ನಡುವೆ ಇಟ್ಟು, ಸುತ್ತಿಗೆಯಿಂದ ಹೊಡೆದು ಮಾಡುತ್ತಿದ್ದರು. ಏಟು ಒಂದು ಕಡೆಗೆ ಸರಿದರೆ ಅಕ್ಷರಗಳ ಒಂದಿಷ್ಟು ಭಾಗ ಹೊರಗೇ ಉಳಿಯುತ್ತಿತ್ತು. ಅಂಚಿನಲ್ಲಿ ಸಣ್ಣ ಸೀಳುಗಳೂ ಇರುತ್ತವೆ. ಅವು ದೋಷವಲ್ಲ. ಸುತ್ತಿಗೆ ಏಟು ಬಿದ್ದಿದೆ ಅನ್ನುವುದಕ್ಕೆ ಗುರುತು.

ಬೆಳ್ಳಿ ಅಂತ ಹೇಳುತ್ತಿದ್ದೇನೆ, ಆದರೆ ಇದು ನಮ್ಮ ಪೂಜೆ ಪಾತ್ರೆಯ ಬೆಳ್ಳಿಯಂಥದ್ದಲ್ಲ. ಯುದ್ಧದ ಖರ್ಚಿಗೆ ಸೆವೆರಸ್ ಬೆಳ್ಳಿ ಕಡಿಮೆ ಮಾಡಿ ತಾಮ್ರ ಹೆಚ್ಚು ಬೆರೆಸಿದ. ಅವನ ಆಳ್ವಿಕೆಯ ಮೊದಲ ವರ್ಷಗಳಲ್ಲೇ ಬೆಳ್ಳಿಯ ಪಾಲು ಸುಮಾರು ಅರ್ಧಕ್ಕೆ ಬಂತು. ಹಾಗಾಗಿ ಸ್ವಲ್ಪ ಬೂದು, ಸ್ವಲ್ಪ ಮಂಕು ಇರುವುದು ಸಹಜ. ಫಳಫಳ ಹೊಳೆಯುತ್ತಿದ್ದರೆ ಯಾರೋ ಉಜ್ಜಿದ್ದಾರೆ, ಇಲ್ಲವೇ ಅದು ಹೊಸದು.

ಬೆಳ್ಳಿ ಎಷ್ಟಿದೆ ಅಂತ ನೋಡಲು ದಯವಿಟ್ಟು ಒರೆಗಲ್ಲಿಗೆ ಹಚ್ಚಬೇಡಿ. ಬಳೆಗೆ ಸರಿ, ನಾಣ್ಯಕ್ಕೆ ಅಲ್ಲ. ಅಂಚಿನಲ್ಲಿ ಗೀರು ಬಿದ್ದರೆ ಅದು ಎಂದೆಂದಿಗೂ ಹೋಗುವುದಿಲ್ಲ. ಆಸಿಡ್ ಹನಿಯಂತೂ ಬೇಡವೇ ಬೇಡ. ನೀರಿನಲ್ಲಿ ತೂಗುವ ಪರೀಕ್ಷೆ ಮಾಡಬಹುದು. ಸಣ್ಣ ಲೋಟದಲ್ಲಿ ನೀರು ಹಾಕಿ ತಕ್ಕಡಿಯ ಮೇಲೆ ಇಡಿ, ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳುವಾದ ದಾರದಲ್ಲಿ ಕಟ್ಟಿ, ತಳಕ್ಕೆ ಬದಿಗೆ ತಾಗದ ಹಾಗೆ ಮುಳುಗಿಸಿ. ತಕ್ಕಡಿ ಒಂದು ಸಣ್ಣ ಅಂಕೆ ತೋರಿಸುತ್ತದೆ. ನಾಣ್ಯದ ತೂಕವನ್ನು ಆ ಅಂಕೆಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಅರ್ಧ ಬೆಳ್ಳಿ ಅರ್ಧ ತಾಮ್ರ ಇರುವ 3 ಗ್ರಾಂ ನಾಣ್ಯಕ್ಕೆ ತಕ್ಕಡಿ ಸುಮಾರು 0.31 ಗ್ರಾಂ ತೋರಿಸಬೇಕು. ಬರೀ ತಾಮ್ರವಾದರೆ 0.33ರಿಂದ 0.34. ತವರ ಹೆಚ್ಚಿರುವ ಖೋಟಾ ಆದರೆ 0.4 ದಾಟುತ್ತದೆ. ನೋಡಿ, ಬೆಳ್ಳಿಗೂ ತಾಮ್ರಕ್ಕೂ ಅಂತರ ತೀರಾ ಕಡಿಮೆ. 0.01 ಗ್ರಾಂ ತೋರಿಸುವ ತಕ್ಕಡಿ ಇಲ್ಲಿ ನಂಬಿಕೆಗೆ ಸಾಲದು, 0.001 ತೋರಿಸುವುದು ಬೇಕು. ತವರದ ಖೋಟಾ ಹಿಡಿಯಲು ಮಾತ್ರ ಸಾಮಾನ್ಯ ತಕ್ಕಡಿ ಸಾಕು. ಮುಳುಗಿಸಿದಾಗ ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿದ್ದರೆ ಲೆಕ್ಕ ತಪ್ಪುತ್ತದೆ. ಮೆಲ್ಲಗೆ ಅಲುಗಾಡಿಸಿ ಬಿಡಿಸಿ.

ತಲೆ ಕಡೆ: ಎಲೆಮಾಲೆ ಇದೆಯೇ?

ಈಗ ನಿಜವಾದ ಕೆಲಸ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ತೆಗೆದುಕೊಳ್ಳಿ. ದೀಪ ಮೇಲಿನಿಂದ ಬೇಡ, ಪಕ್ಕದಿಂದ ಇರಲಿ. ಓರೆ ಬೆಳಕಿನಲ್ಲಿ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ, ಮುಖದ ಮೇಲೆ ಬೆರಳು ಬೇಡ.

ಗುಂಗುರು ಕೂದಲು, ಗಡ್ಡ, ಬಲಕ್ಕೆ ತಿರುಗಿದ ತಲೆ. ಇಷ್ಟು ಎರಡರಲ್ಲೂ ಇರುತ್ತದೆ. ವ್ಯತ್ಯಾಸ ಇರುವುದು ಕೂದಲಿನ ಮೇಲೆ. ಸೀಸರ್ ಆಗಿದ್ದಾಗಿನ ರೋಮ್ ನಾಣ್ಯದಲ್ಲಿ ತಲೆ ಬರಿದು. ಆಗಸ್ಟಸ್ ಅಂತ ಕರೆದುಕೊಂಡ ಮೇಲಿನ ಲಿಯಾನ್ ನಾಣ್ಯದಲ್ಲಿ ಲಾರೆಲ್ ಎಲೆಗಳ ಮಾಲೆ. ಹಣೆಯಿಂದ ಹಿಂದಕ್ಕೆ ಎಲೆಗಳ ಸಾಲು ಹೋಗುತ್ತದೆ.

ಸವೆದ ನಾಣ್ಯದಲ್ಲಿ ಎಲೆ ಯಾವುದು, ಗುಂಗುರು ಯಾವುದು ಅಂತ ತಿಳಿಯುವುದಿಲ್ಲ. ಆಗ ತಲೆಯ ಮೇಲ್ಭಾಗ ಬಿಟ್ಟು ಕತ್ತಿನ ಹಿಂಭಾಗ ನೋಡಿ. ಮಾಲೆಯನ್ನು ಅಲ್ಲಿ ಗಂಟು ಹಾಕಿರುತ್ತಾರೆ, ಎರಡು ಪಟ್ಟಿ ಇಳಿಬಿದ್ದಿರುತ್ತವೆ. ಎಲೆ ಅಳಿಸಿ ಹೋದರೂ ಈ ಪಟ್ಟಿಗಳು ಉಳಿದಿರುತ್ತವೆ, ಯಾಕೆಂದರೆ ಅವು ತಲೆಯಷ್ಟು ಉಬ್ಬಿಲ್ಲ, ಬೇಗ ಸವೆಯುವುದಿಲ್ಲ. ನನ್ನ ಬಳಿ ಇರುವ ಲಿಯಾನ್ ನಾಣ್ಯ ಚೆನ್ನಾಗಿ ಬಳಕೆಯಾದದ್ದು. ಅದನ್ನು ಗುರುತು ಹಿಡಿದಿದ್ದು ಈ ಪಟ್ಟಿಗಳಿಂದಲೇ.

ಸುತ್ತ ಇರುವ ಅಕ್ಷರ, ಮತ್ತು ಅದರಲ್ಲಿನ ಎರಡು ಬಲೆ

ಅಕ್ಷರ ಓದುವುದು ಎಡಗಡೆ ಕೆಳಗಿನಿಂದ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ. ಗಡಿಯಾರದ ಏಳು ಗಂಟೆ ಇರುವ ಜಾಗದಲ್ಲಿ ಶುರು ಮಾಡಿ. ಪದಗಳ ನಡುವೆ ಬಿಡುವು ಇರುವುದಿಲ್ಲ. ಎಲ್ಲವೂ ಮೊಟಕು. ‘ಯು’ ಇರಬೇಕಾದಲ್ಲೆಲ್ಲ ‘ವಿ’ ಕೆತ್ತುತ್ತಿದ್ದರು.

ರೋಮ್ ನಾಣ್ಯದಲ್ಲಿ ಸಾಮಾನ್ಯವಾಗಿ ಸಿಗುವ ಸಾಲು ಹೀಗೆ: ಡಿ, ಸಿ ಎಲ್, ಎಸ್ ಇ ಪಿ ಟಿ, ಎ ಎಲ್ ಬಿ ಐ ಎನ್, ಸಿ ಎ ಇ ಎಸ್. ಬಿಡಿಸಿದರೆ ಡೆಸಿಮಸ್ ಕ್ಲೋಡಿಯಸ್ ಸೆಪ್ಟಿಮಿಯಸ್ ಆಲ್ಬಿನಸ್ ಸೀಸರ್. ಲಿಯಾನ್ ನಾಣ್ಯದಲ್ಲಿ ಸಿಗುವ ಒಂದು ಸಾಲು: ಐ ಎಂ ಪಿ, ಸಿ ಎ ಇ ಎಸ್, ಡಿ, ಸಿ ಎಲ್ ಒ, ಎಸ್ ಇ ಪಿ, ಎ ಎಲ್ ಬಿ, ಎ ವಿ ಜಿ. ಅಂದರೆ ಇಂಪೆರಾಟರ್ (ಚಕ್ರವರ್ತಿಯ ಬಿರುದು) ಸೀಸರ್ ಡೆಸಿಮಸ್ ಕ್ಲೋಡಿಯಸ್ ಸೆಪ್ಟಿಮಿಯಸ್ ಆಲ್ಬಿನಸ್ ಆಗಸ್ಟಸ್.

ಮೊದಲ ಬಲೆ ಇಲ್ಲೇ ಇದೆ. ‘ಸಿ ಎ ಇ ಎಸ್’ ಎರಡರಲ್ಲೂ ಇದೆ, ಅಲ್ವಾ? ಅದು ಕಂಡ ಕೂಡಲೇ ‘ಓ, ಸೀಸರ್, ಹಾಗಾದರೆ ರೋಮ್‌ನದು’ ಅಂತ ಬರೆದುಬಿಡುತ್ತಾರೆ. ಅದು ಎಲ್ಲಿದೆ ಅಂತ ನೋಡಬೇಕು. ಹೆಸರಿನ ಕೊನೆಯಲ್ಲಿದ್ದರೆ ಸೀಸರ್ ಪದವಿ. ಆರಂಭದಲ್ಲಿ, ‘ಐ ಎಂ ಪಿ’ ಆದ ಮೇಲೆ ಬಂದರೆ ಅದು ಚಕ್ರವರ್ತಿಯ ಪೂರ್ಣ ಹೆಸರಿನ ಒಂದು ಭಾಗ. ಪದವಿ ತಿಳಿಯಲು ಸಾಲಿನ ಕೊನೆ ನೋಡಿ. ಅಂದರೆ ಐದು ಗಂಟೆಯ ಜಾಗ.

ಎರಡನೆಯ ಬಲೆ ನಾಣ್ಯದ ಹಿಂಬದಿಯಲ್ಲಿ. 193ರ ಮೊದಲ ನಾಣ್ಯಗಳಲ್ಲಿ ಹಿಂದೆ ‘ಪ್ರೊವಿಡ್ ಆಗ್ ಕಾಸ್’ ಅಂತ ಇರುತ್ತದೆ. ಆಗ್ ಅಂದರೆ ‘ಎ ವಿ ಜಿ’. ಆಗಸ್ಟಸ್ ಅಂತ ಇದೆಯಲ್ಲ, ಹಾಗಾದರೆ ಎದುರಾಳಿ ಚಕ್ರವರ್ತಿಯ ನಾಣ್ಯವೇ ಸರಿ ಅನ್ನಿಸುತ್ತದೆ. ಅಲ್ಲ. ಅದು ಆಗಸ್ಟಸ್‌ನ ದೂರದೃಷ್ಟಿಯನ್ನು ಹೊಗಳುವ ಮಾತು. ಆ ಆಗಸ್ಟಸ್ ಸೆವೆರಸ್. ತನಗೊಬ್ಬ ಸೀಸರ್‌ನನ್ನು ಆರಿಸಿಕೊಂಡ ತನ್ನ ಜಾಣತನವನ್ನು ಆತ ಆಲ್ಬಿನಸ್‌ನ ನಾಣ್ಯದ ಬೆನ್ನಿನ ಮೇಲೆ ಕೆತ್ತಿಸಿದ್ದಾನೆ! ಪದವಿಯನ್ನು ತಲೆ ಕಡೆ ಓದಬೇಕು, ಹಿಂಬದಿಯಲ್ಲಿ ಅಲ್ಲ.

‘ಕಾಸ್ ಎರಡು’ ಅನ್ನುವುದನ್ನೂ ನಂಬಿ ಕೂರಬೇಡಿ. ಸಿ ಒ ಎಸ್ ಅಂತ ಬರೆದು ಎರಡು ಗೀಟು ಹಾಕಿರುತ್ತಾರೆ. ಎರಡನೆಯ ಸಲ ಕಾನ್ಸಲ್ ಅಂತ ಅರ್ಥ. ಅದು 194ರ ಪದವಿ. ಅದಾದ ಮೇಲೆ ಆಲ್ಬಿನಸ್‌ಗೆ ಮತ್ತೆ ಆ ಸ್ಥಾನ ಸಿಗಲಿಲ್ಲ. ಹಾಗಾಗಿ ಲಿಯಾನ್‌ನಲ್ಲೂ ಅದನ್ನೇ ಹಾಕಿಸಿದ. ಎರಡೂ ಟಂಕಸಾಲೆಯ ನಾಣ್ಯಗಳಲ್ಲಿ ಇರುವುದರಿಂದ ಬೇರೆ ಮಾಡಲು ಅದು ಸಹಾಯಕ್ಕೆ ಬರುವುದಿಲ್ಲ.

ನನ್ನ ಮನಸ್ಸನ್ನು ಹಿಡಿದಿಡುವುದು ‘ಎಸ್ ಇ ಪಿ’ ಅನ್ನುವ ಮೂರು ಅಕ್ಷರ. ಸೆಪ್ಟಿಮಿಯಸ್ ಅನ್ನುವುದು ಸೆವೆರಸ್‌ನ ಮನೆತನದ ಹೆಸರು. ಸೀಸರ್ ಮಾಡಿದಾಗ ಆಲ್ಬಿನಸ್‌ಗೆ ಬಂದದ್ದು. ಯುದ್ಧಕ್ಕೆ ನಿಂತ ಮೇಲೂ ಲಿಯಾನ್‌ನ ಹಲವು ನಾಣ್ಯಗಳಲ್ಲಿ ಅದು ಹಾಗೇ ಇದೆ. ಇನ್ನು ಕೆಲವು ಅಚ್ಚುಗಳಲ್ಲಿ ಇಲ್ಲ. ನಿಮ್ಮ ನಾಣ್ಯದಲ್ಲಿ ಇದೆಯೋ ಇಲ್ಲವೋ ಅಂತ ಬರೆದಿಟ್ಟುಕೊಳ್ಳಿ. ಕ್ಯಾಟಲಾಗ್‌ನಲ್ಲಿ ಅದರ ಮೇಲೆ ಸಂಖ್ಯೆಯೇ ಬದಲಾಗಬಹುದು.

ಹಿಂಬದಿ ಏನು ಹೇಳುತ್ತದೆ

ರೋಮ್ ನಾಣ್ಯಗಳ ಹಿಂಬದಿಯಲ್ಲಿ ಹೆಚ್ಚಾಗಿ ಸಿಗುವುದು ಮಿನರ್ವಾ ದೇವತೆ. ತಲೆಗೆ ಶಿರಸ್ತ್ರಾಣ, ಕೈಯಲ್ಲಿ ಆಲಿವ್ ಕೊಂಬೆ, ಪಕ್ಕದಲ್ಲಿ ಗುರಾಣಿ. ‘ಮಿನರ್ ಪಾಸಿಫ್’ ಅಂತ ಬರಹ, ಶಾಂತಿ ತರುವ ಮಿನರ್ವಾ ಅಂತ. ಕುಳಿತಿರುವ ರೋಮಾ ದೇವತೆ, ಕೋಲಿಗೆ ಸುತ್ತಿದ ಹಾವಿನ ಜೊತೆ ನಿಂತ ವೈದ್ಯದೇವತೆ ಈಸ್ಕ್ಯುಲೇಪಿಯಸ್, ಮರಳಿ ಕರೆತರುವ ಭಾಗ್ಯದೇವತೆ ಫಾರ್ಚುನಾ ಕೂಡ ಸಿಗುತ್ತಾರೆ. ಎಲ್ಲವೂ ಸಮಾಧಾನದ ಮಾತುಗಳು. ಕೆತ್ತನೆ ಅಚ್ಚುಕಟ್ಟು.

ಲಿಯಾನ್‌ದು ಬೇರೆ ದನಿ. ಒಂದರಲ್ಲಿ ಎರಡು ಕೈಗಳು ಪರಸ್ಪರ ಹಿಡಿದುಕೊಂಡು, ನಡುವೆ ಸೈನ್ಯದ ಹದ್ದಿನ ಲಾಂಛನ ಎತ್ತಿ ಹಿಡಿದಿವೆ. ಸುತ್ತ ‘ಫಿಡೆಸ್ ಲೀಜಿಯನ್’, ಲೀಜನ್‌ಗಳ ನಿಷ್ಠೆ. ಈ ನಾಣ್ಯ ಸೈನಿಕರ ಸಂಬಳವಾಗಿ ಹೋಗಿರಬೇಕು ಅಂತ ನನ್ನ ಊಹೆ. ಬ್ರಿಟನ್‌ನಿಂದ ಬಂದ ಸೈನಿಕನ ಕೈಗೆ ಅವನ ನಿಷ್ಠೆಯನ್ನೇ ಬೇಡುವ ನಾಣ್ಯ. ಇನ್ನೊಂದರಲ್ಲಿ ‘ಜೆನ್ ಲುಗ್’ ಅಂತ ಇದೆ. ಲುಗ್ಡುನಮ್ ಊರಿನ ಕಾವಲು ದೈವ, ಕೋಟೆಯಾಕಾರದ ಕಿರೀಟ ಹೊತ್ತು, ರಾಜದಂಡ ಮತ್ತು ಸಮೃದ್ಧಿಯ ಕೊಂಬು ಹಿಡಿದು ನಿಂತಿದೆ. ಕಾಲ ಬಳಿ ಹದ್ದು. ಎರಡು ನದಿ ಸೇರುವ ನನ್ನ ಈ ಊರಿನ ಹೆಸರು ಒಬ್ಬ ಚಕ್ರವರ್ತಿಯ ಬೆಳ್ಳಿಯ ಮೇಲೆ ಇದೆ. ಈ ಬಗೆಯ ನಾಣ್ಯ ಸಿಕ್ಕರೆ ಬಿಡಬೇಡಿ. ಸವೆದಿದ್ದರೂ ಪರವಾಗಿಲ್ಲ.

ಸ್ಪೆಸ್, ವಿಕ್ಟೋರಿಯಾ, ಈಕ್ವಿಟಾಸ್ ಹೀಗೆ ಸಾಮಾನ್ಯ ದೇವತೆಗಳ ನಾಣ್ಯಗಳೂ ಲಿಯಾನ್‌ನಿಂದ ಬಂದಿವೆ. ಅವುಗಳಲ್ಲಿ ಕೆತ್ತನೆ ಒರಟು. ಅಕ್ಷರ ಏರುಪೇರು, ದೇವತೆಯ ಕೈಕಾಲು ಕಡ್ಡಿಯಂತೆ. ಅದಕ್ಕೆ ಕಾರಣ ಇದೆ. ಲಿಯಾನ್ ಟಂಕಸಾಲೆ ಮೊದಲನೆಯ ಶತಮಾನದಲ್ಲಿ ದೊಡ್ಡದಾಗಿತ್ತು, ಆಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಬೆಳ್ಳಿ ಹೊಡೆಯುವುದು ನಿಂತಿತ್ತು. ಆಲ್ಬಿನಸ್ ಅವಸರದಲ್ಲಿ ಮತ್ತೆ ಶುರು ಮಾಡಿಸಿದ. ಒರಟು ಕೆತ್ತನೆ ಕಂಡು ಖೋಟಾ ಅಂತ ಬದಿಗಿಡಬೇಡಿ. ನನಗಂತೂ ರೋಮ್‌ನ ನಯವಾದ ಮುಖಕ್ಕಿಂತ ಈ ಒರಟು ಮುಖವೇ ಇಷ್ಟ. ಆಲ್ಬಿನಸ್ ಬಗ್ಗೆ ನಮಗೆ ಉಳಿದಿರುವ ಚರಿತ್ರೆಯೆಲ್ಲ ಸೆವೆರಸ್ ಗೆದ್ದ ಮೇಲೆ ಬರೆದದ್ದು. ಅವನು ತನ್ನ ಬಗ್ಗೆ ತಾನೇ ಹೇಳಿಕೊಂಡದ್ದು ಈ ನಾಣ್ಯಗಳಲ್ಲಿ ಮಾತ್ರ ಸಿಗುತ್ತದೆ.

ಖೋಟಾ

ಎರಡು ಬಗೆ. ಹಳೆಯ ಕಾಲದ ಖೋಟಾ, ಈಗಿನ ಖೋಟಾ. ಇವೆರಡನ್ನು ಒಂದೇ ಬುಟ್ಟಿಗೆ ಹಾಕಬಾರದು.

ಆ ಕಾಲದಲ್ಲೇ ತಾಮ್ರದ ಬಿಲ್ಲೆಗೆ ಬೆಳ್ಳಿ ಹಾಳೆ ಸುತ್ತಿ ಹೊಡೆದವರು ಇದ್ದರು. ಬೆಳ್ಳಿ ಎದ್ದುಹೋದ ಕಡೆ ಹಸಿರು ಅಥವಾ ಕಂದು ಕಾಣುತ್ತದೆ. ಮೂಗು, ಗಡ್ಡ, ಅಂಚು ಇಲ್ಲೆಲ್ಲ ನೋಡಿ. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದವರೂ ಇದ್ದರು. ಸೆವೆರಸ್ ಮನೆತನದ ಕಾಲದ ಇಂಥ ಮಣ್ಣಿನ ಅಚ್ಚುಗಳು ಬ್ರಿಟನ್, ಗಾಲ್, ರೈನ್ ನದಿಯ ಕಡೆ ಸಿಕ್ಕಿವೆ. ಇವೂ ಚರಿತ್ರೆಯೇ. ಬೆಲೆ ಕಡಿಮೆ, ಆದರೆ ಮಾರುವವರು ಹಾಗಂತ ಹೇಳಿಯೇ ಮಾರಬೇಕು.

ಈಗಿನ ಎರಕದ ಖೋಟಾ ಹಿಡಿಯಲು ಅಂಚು ನೋಡಿ. ಸುತ್ತಲೂ ಸಣ್ಣ ಗೆರೆ ಇದೆಯೇ, ಅಥವಾ ಆ ಗೆರೆಯನ್ನು ಅರದಿಂದ ತಿಕ್ಕಿದ್ದಾರೆಯೇ? ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳು ಇವೆಯೇ? ಅಕ್ಷರಗಳ ಬುಡ ಚೂಪಾಗಿದೆಯೇ, ಕರಗಿದಂತಿದೆಯೇ? ಏಟು ಬಿದ್ದ ನಾಣ್ಯದಲ್ಲಿ ಅಕ್ಷರದ ಸುತ್ತ ಲೋಹ ಹರಿದ ಸಣ್ಣ ಗೆರೆಗಳು ಅಂಚಿನ ಕಡೆಗೆ ಓಡಿರುತ್ತವೆ. ಎರಕದಲ್ಲಿ ಅವು ಮಸುಕು.

ಹೊಸ ಅಚ್ಚು ಮಾಡಿ ಯಂತ್ರದಲ್ಲಿ ಒತ್ತಿದ ಖೋಟಾ ಇನ್ನೂ ಕಷ್ಟ. ಅಲ್ಲಿ ಒಂದು ಉಪಾಯ ಇದೆ. ಅದೇ ನಾಣ್ಯದ ಬೇರೆ ಪ್ರತಿಗಳ ಫೋಟೋ ಹುಡುಕಿ. ಒಂದೇ ಅಚ್ಚಿನಿಂದ ಬಂದ ಎರಡು ನಾಣ್ಯ ಇರಬಹುದು. ಆದರೆ ಒಂದೇ ಗೀರು, ಒಂದೇ ಅಂಚಿನ ಸೀಳು, ಒಂದೇ ಜಾಗದ ಸವಕಳಿ ಎರಡರಲ್ಲೂ ಇದ್ದರೆ ಅದು ನಕಲು. ಎದುರಾಳಿ ಚಕ್ರವರ್ತಿಗಳ ನಾಣ್ಯಕ್ಕೆ ಬೆಲೆ ಹೆಚ್ಚಾದ್ದರಿಂದ ಈ ಕಾಟ ಜಾಸ್ತಿ. ನೈಜರ್‌ನ ನಾಣ್ಯಗಳು ಆಲ್ಬಿನಸ್‌ನವಕ್ಕಿಂತ ಎಷ್ಟೋ ಅಪರೂಪ. ಅಗ್ಗಕ್ಕೆ ಯಾರಾದರೂ ನೈಜರ್ ಕೊಡುತ್ತೇನೆ ಅಂದರೆ ಅಲ್ಲಿಂದ ಹೊರಡಿ.

ನಮ್ಮ ಊರ ಕಡೆಯವರು ನನ್ನನ್ನು ಕೇಳುವ ಪ್ರಶ್ನೆ ಒಂದಿದೆ: ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದೆಯಲ್ಲ, ಇದೂ ಸಿಗಬಹುದೇ? ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕ ಬೆಳ್ಳಿ ನಾಣ್ಯಗಳು ಮೊದಲನೆಯ ಶತಮಾನದ ಚಕ್ರವರ್ತಿಗಳವು, ಮುಖ್ಯವಾಗಿ ಆಗಸ್ಟಸ್ ಮತ್ತು ಟೈಬೀರಿಯಸ್ ಅವರವು. ಆ ಬೆಳ್ಳಿ ಶುದ್ಧವಾಗಿತ್ತು, ನಮ್ಮ ವ್ಯಾಪಾರಿಗಳು ಒಪ್ಪಿಕೊಂಡರು. ಆಲ್ಬಿನಸ್ ಕಾಲದ ಅರ್ಧ ತಾಮ್ರದ ಡೆನಾರಿಯಸ್ ಆ ದಾರಿಯಲ್ಲಿ ಬಂದಿರುವ ಸಾಧ್ಯತೆ ತೀರಾ ಕಡಿಮೆ. ‘ಹೊಲದಲ್ಲಿ ಸಿಕ್ಕಿತು’ ಅಂತ ಯಾರಾದರೂ ಆಲ್ಬಿನಸ್ ನಾಣ್ಯ ತೋರಿಸಿದರೆ ಹುಷಾರು. ನಿಜವಾಗಿ ಹೊಲದಲ್ಲಿ ಸಿಕ್ಕಿದ್ದೇ ಆದರೆ ಅದು ಮಾರಾಟದ ವಸ್ತುವೇ ಅಲ್ಲ. 1878ರ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಕೊಂಡ ಮೇಲೆ

ಯಾವ ಬಗೆ ಅಂತ ನಿಮಗೆ ತಿಳಿದ ಮೇಲೆ ಕ್ಯಾಟಲಾಗ್ ಸಂಖ್ಯೆ ಹುಡುಕಿ. ಎಲ್ಲರೂ ಬಳಸುವುದು ‘ರೋಮನ್ ಇಂಪೀರಿಯಲ್ ಕಾಯಿನೇಜ್’ನ ನಾಲ್ಕನೆಯ ಸಂಪುಟದ ಮೊದಲ ಭಾಗ, 1936ರದು. ಚುಟುಕಾಗಿ ಆರ್‌ಐಸಿ ಅನ್ನುತ್ತಾರೆ. ಮಿನರ್ವಾ ನಾಣ್ಯ ಅದರಲ್ಲಿ ಆಲ್ಬಿನಸ್ 7. ಪುಸ್ತಕ ಕೊಳ್ಳಬೇಕಾಗಿಲ್ಲ, ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯವರು ನಡೆಸುವ ‘ಓಕ್ರೆ’ ಅನ್ನುವ ಆನ್‌ಲೈನ್ ಸಂಗ್ರಹದಲ್ಲಿ ಅದೇ ಸಂಖ್ಯೆಗಳು ಫೋಟೋ ಸಮೇತ ಉಚಿತವಾಗಿ ಸಿಗುತ್ತವೆ. ಮೊದಲು ನಿಮ್ಮ ಕಣ್ಣಿನಿಂದ ಓದಿ, ಆಮೇಲೆ ಅಲ್ಲಿ ಹೋಲಿಸಿ. ತಿರುಗಿಸಿ ಮಾಡಿದರೆ ಇಲ್ಲದ ಅಕ್ಷರವೂ ಕಾಣತೊಡಗುತ್ತದೆ.

ತೊಳೆಯಬೇಡಿ. ಹುಣಸೆಹುಳಿ, ವಿಭೂತಿ, ಟೂತ್‌ಪೇಸ್ಟ್ ಯಾವುದೂ ಬೇಡ. ಮೆತ್ತನೆಯ ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ. ಪಿವಿಸಿ ಇರುವ ಚೀಲದಿಂದ ಕೆಲವು ವರ್ಷದಲ್ಲಿ ನಾಣ್ಯದ ಮೇಲೆ ಹಸಿರು ಅಂಟು ಬರುತ್ತದೆ. ಆಮ್ಲ ಇಲ್ಲದ ಕಾಗದದ ಲಕೋಟೆ ಸಾಕು.

ಭಾರತಕ್ಕೆ ತರುವ ಯೋಚನೆ ಇದ್ದರೆ ಎರಡು ಸಲ ಯೋಚಿಸಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಒಳಗೆ ಬಂದದ್ದನ್ನು ಸರ್ಕಾರದ ಅನುಮತಿ ಇಲ್ಲದೆ ಮತ್ತೆ ಹೊರಗೆ ಒಯ್ಯಲು ಆಗುವುದಿಲ್ಲ. ಅಪ್ಪನಿಗೆ ತೋರಿಸಲು ನಾನು ಒಯ್ದದ್ದು ದೊಡ್ಡದಾಗಿ ಮುದ್ರಿಸಿದ ಫೋಟೋಗಳನ್ನು ಮಾತ್ರ. ಫ್ರಾನ್ಸ್‌ನಲ್ಲಿ ಇರುವವರಿಗೂ ಒಂದು ಮಾತು: ಇಲ್ಲಿ ಅನುಮತಿ ಇಲ್ಲದೆ ಲೋಹಶೋಧಕ ಹಿಡಿದು ಹಳೆಯ ವಸ್ತು ಹುಡುಕುವುದು ಕಾನೂನಿಗೆ ವಿರುದ್ಧ. ಎಲ್ಲಿಂದ ಬಂತು ಅನ್ನುವ ಕಾಗದ ಇಲ್ಲದ ನಾಣ್ಯ ಎಷ್ಟೇ ಚೆನ್ನಾಗಿದ್ದರೂ ನಾನು ಕೊಳ್ಳುವುದಿಲ್ಲ.

ಲಕೋಟೆಯ ಮೇಲೆ ಪೆನ್ಸಿಲ್‌ನಲ್ಲಿ ಇಷ್ಟು ಬರೆಯಿರಿ: ತೂಕ, ಅಗಲ, ತಲೆ ಬರಿದೋ ಮಾಲೆಯೋ, ಸುತ್ತಲಿನ ಅಕ್ಷರ ಕಂಡಷ್ಟು ಮಾತ್ರ, ಹಿಂಬದಿ, ಆರ್‌ಐಸಿ ಸಂಖ್ಯೆ, ಯಾರಿಂದ ಯಾವಾಗ ಕೊಂಡದ್ದು. ಊರಿನ ಹೆಸರು ಮರೆಯಬೇಡಿ. ರೋಮ್ ಆಗಿದ್ದರೆ ಹಾಕಿಸಿದವನು ಸೆವೆರಸ್ ಅಂತ, ಲಿಯಾನ್ ಆಗಿದ್ದರೆ ಆಲ್ಬಿನಸ್ ಅಂತ ಪಕ್ಕದಲ್ಲೇ ಬರೆಯಿರಿ.